ಆಂಪ್ ಒಂದು, ವ್ಯಾಟ್ ಇನ್ನೊಂದು: ತೋಟದ ಮನೆಯ ಸೋಲಾರ್ ಮೀಟರ್‌ಗಳನ್ನು ತಾಳೆ ನೋಡುವ ಬಗೆ

ಮಧ್ಯಾಹ್ನ ಹನ್ನೆರಡೂವರೆಯ ಬಿಸಿಲು. ಚಿಂತಾಮಣಿ ಕಡೆಯ ಒಂದು ತೋಟದ ಮನೆ ಅಂದುಕೊಳ್ಳಿ. ಮಾಳಿಗೆಯ ಮೇಲೆ 335 ವ್ಯಾಟಿನ ಎರಡು ಪ್ಯಾನೆಲ್ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿ, ಇವೆ. ಒಳಗೆ ಎಂಪಿಪಿಟಿ ಚಾರ್ಜ್ ಕಂಟ್ರೋಲರ್ (ಪ್ಯಾನೆಲ್‌ನಿಂದ ಬಂದದ್ದನ್ನು ಬ್ಯಾಟರಿಗೆ ತಕ್ಕಂತೆ ಬದಲಿಸಿ ಕೊಡುವ ಪೆಟ್ಟಿಗೆ), 150 ಆಂಪಿಯರ್-ಅವರ್‌ನ ಎರಡು ಟ್ಯೂಬುಲರ್ ಬ್ಯಾಟರಿ ಸೇರಿ 24 ವೋಲ್ಟ್, ಪಕ್ಕದಲ್ಲೇ ಸೈನ್ ವೇವ್ ಇನ್ವರ್ಟರ್. ಪ್ಯಾನೆಲ್‌ನಿಂದ ಇಳಿದು ಬರುವ ವೈರಿಗೆ ಟಾಂಗ್ ಟೆಸ್ಟರ್ (ದವಡೆಯಲ್ಲಿ ವೈರನ್ನು ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿದರೆ 7.9 ಆಂಪ್. ಕಂಟ್ರೋಲರ್ ಪರದೆಯ ಮೇಲೆ 18.2. ಬ್ಯಾಟರಿಗೆ ಕೂರಿಸಿದ ಮೀಟರ್‌ನಲ್ಲಿ 7.6. ಮನೆಯೊಳಗೆ ಹೋಗುವ 230 ವೋಲ್ಟ್ ಲೈನಿನಲ್ಲಿ 1.2.

ನಾಲ್ಕು ಕಡೆ ನಾಲ್ಕು ಸಂಖ್ಯೆ. ಮೀಟರ್ ಕೆಟ್ಟಿದೆ, ಕಂಟ್ರೋಲರ್ ಬದಲಿಸಬೇಕು ಎಂಬ ಮಾತು ಸಾಮಾನ್ಯವಾಗಿ ಇಲ್ಲೇ ಶುರುವಾಗುತ್ತದೆ. ಆದರೆ ಈ ನಾಲ್ಕೂ ಸರಿಯಾದ ಸಂಖ್ಯೆಗಳೇ. ಇಲ್ಲಿ ಯಾವುದೂ ಕೆಟ್ಟಿಲ್ಲ. ಕೆಟ್ಟಿದ್ದರೆ ಅದು ಹೇಗೆ ಕಾಣಿಸುತ್ತದೆ, ಕೆಡದೆ ಇದ್ದಾಗ ಎಷ್ಟು ವ್ಯತ್ಯಾಸ ಸಹಜ ಅನ್ನುವುದು ತಿಳಿದಿದ್ದರೆ ಬೇಡದ ಖರ್ಚು ತಪ್ಪುತ್ತದೆ, ನಿಜವಾದ ದೋಷ ಬೆಂಕಿಯಾಗುವ ಮೊದಲೇ ಸಿಗುತ್ತದೆ.

ಡೇರಿಗೆ ಹಾಲು ಹಾಕುವವರಿಗೆ ಈ ಲೆಕ್ಕ ಹೊಸದಲ್ಲ. ಹಸುವಿನ ಹಾಲು 10 ಲೀಟರ್, ಫ್ಯಾಟ್ 3.5. ಎಮ್ಮೆ ಹಾಲು 5 ಲೀಟರ್, ಫ್ಯಾಟ್ 7. ಕ್ಯಾನಿನಲ್ಲಿ ಒಂದು ಇನ್ನೊಂದರ ಅರ್ಧದಷ್ಟೇ ಇದ್ದರೂ ಒಳಗಿರುವ ಕೊಬ್ಬು ಎರಡರಲ್ಲೂ ಸಮ. ಆಂಪ್ ಅಂದರೆ ಲೀಟರ್, ವೋಲ್ಟ್ ಅಂದರೆ ಫ್ಯಾಟ್, ವ್ಯಾಟ್ ಅಂದರೆ ಎರಡನ್ನೂ ಗುಣಿಸಿದಾಗ ಸಿಗುವ ಕೊಬ್ಬು. ಬರೀ ಲೀಟರ್ ನೋಡಿ ದುಡ್ಡಿನ ಲೆಕ್ಕ ಹೇಳಲಾಗದು. ಹಾಗೆಯೇ ಬರೀ ಆಂಪ್ ನೋಡಿ ಸೋಲಾರ್ ಚೆನ್ನಾಗಿದೆ, ಕೆಟ್ಟಿದೆ ಅನ್ನಲಾಗದು. ಪ್ರತಿ ಸಲವೂ ಕೇಳಬೇಕಾದದ್ದು: ಆ ಜಾಗದಲ್ಲಿ ವೋಲ್ಟೇಜ್ ಎಷ್ಟಿತ್ತು?

ಕೈಗೆ ಏನು ಬೇಕು

ಡಿಸಿ, ಅಂದರೆ ಪ್ಯಾನೆಲ್ ಮತ್ತು ಬ್ಯಾಟರಿಯ ಒಂದೇ ದಿಕ್ಕಿಗೆ ಹರಿಯುವ ಕರೆಂಟನ್ನು ಅಳೆಯುವ ಟಾಂಗ್ ಟೆಸ್ಟರ್ ಒಂದು, ಸಾಧಾರಣ ಮಲ್ಟಿಮೀಟರ್ ಒಂದು, ಪೆನ್ನು, ಕಾಗದ. ಟೆಸ್ಟರ್ ಕೊಳ್ಳುವಾಗ ಅದರ ಮೇಲೆ ಡಿಸಿ ಆಂಪ್ ಗುರುತು ಇದೆಯೇ ನೋಡಿಯೇ ಕೊಳ್ಳಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹಲವು ಟಾಂಗ್ ಟೆಸ್ಟರ್‌ಗಳು ಎಸಿ, ಅಂದರೆ ಮನೆಯ ಲೈನಿನ ದಿಕ್ಕು ಬದಲಿಸುತ್ತಿರುವ ಕರೆಂಟಿನ ಆಂಪ್ ಮಾತ್ರ ಅಳೆಯುತ್ತವೆ. ಅವನ್ನು ಬ್ಯಾಟರಿ ವೈರಿಗೆ ಹಾಕಿದರೆ 20 ಆಂಪ್ ಹರಿಯುತ್ತಿದ್ದರೂ ಸೊನ್ನೆಯನ್ನೋ, ಅರ್ಥವಿಲ್ಲದ ಸಂಖ್ಯೆಯನ್ನೋ ತೋರಿಸುತ್ತವೆ. ಟ್ರೂ ಆರ್‌ಎಂಎಸ್ (ಕರೆಂಟಿನ ಅಲೆ ಯಾವ ಆಕಾರದ್ದಾದರೂ ಸರಿಯಾಗಿ ಅಳೆಯುವಂಥದ್ದು) ಎಂದು ಬರೆದಿದ್ದರೆ ಇನ್ನೂ ಒಳ್ಳೆಯದು. ಕಾರಣ ಇನ್ವರ್ಟರ್ ಭಾಗದಲ್ಲಿ ಬರುತ್ತದೆ.

ಮುಟ್ಟುವ ಮೊದಲು ನಾಲ್ಕು ಮಾತು. ಕೈಯಲ್ಲಿ ಉಂಗುರ, ಕಡಗ, ಲೋಹದ ವಾಚು ಇರಬಾರದು. ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಸ್ಪ್ಯಾನರ್ ಬಿದ್ದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಆದ್ದರಿಂದ ಸ್ಪ್ಯಾನರ್ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿಕೊಳ್ಳಿ. ಬಿಸಿಲಿರುವಾಗ ಪ್ಯಾನೆಲ್‌ನ ಪ್ಲಗ್ ಎಳೆಯಬೇಡಿ. ಡಿಸಿ ಕಿಡಿ ಎಸಿಯಂತೆ ತಾನಾಗಿ ಆರುವುದಿಲ್ಲ, ಎಳೆದಷ್ಟೂ ಉದ್ದವಾಗಿ ಉರಿಯುತ್ತದೆ. ಮೊದಲು ಡಿಸಿ ಎಂಸಿಬಿ (ಪ್ಯಾನೆಲ್ ಲೈನಿನ ಸ್ವಿಚ್) ಇಳಿಸಿ. ಇನ್ನು ಮಲ್ಟಿಮೀಟರ್‌ನ ಕೆಂಪು ವೈರನ್ನು 10 ಆಂಪ್ ರಂಧ್ರದಲ್ಲಿ ಇಟ್ಟುಕೊಂಡು ಬ್ಯಾಟರಿಯ ವೋಲ್ಟೇಜ್ ನೋಡಲು ಹೋಗಲೇಬೇಡಿ. ಅದು ನೇರ ಶಾರ್ಟ್ ಸರ್ಕ್ಯೂಟ್. ಒಳಗಿನ ಫ್ಯೂಸ್ ಒಳ್ಳೆಯದಿದ್ದರೆ ಅದಷ್ಟೇ ಹೋಗುತ್ತದೆ, ಇಲ್ಲದಿದ್ದರೆ ಕೈಯೂ ಸುಡುತ್ತದೆ.

ಹೆಜ್ಜೆ 1: ಯಾವ ಮೀಟರ್ ಎಲ್ಲಿ ಕೂತಿದೆ

ಕಾಗದದ ಮೇಲೆ ಪ್ಯಾನೆಲ್, ಕಂಟ್ರೋಲರ್, ಬ್ಯಾಟರಿ, ಇನ್ವರ್ಟರ್, ಮನೆ ಎಂದು ಐದು ಚೌಕ ಬರೆದು ಗೆರೆ ಎಳೆಯಿರಿ. ಪ್ರತಿ ಪರದೆಯ ಸಂಖ್ಯೆ ಯಾವ ಗೆರೆಯದ್ದು ಎಂದು ಗುರುತು ಹಾಕಿ. ಕಂಟ್ರೋಲರ್ ತನ್ನಿಂದ ಹೊರಗೆ ಹೋಗುವ ಆಂಪ್ ಮಾತ್ರ ಹೇಳುತ್ತದೆ, ಅದು ಬ್ಯಾಟರಿಗೆ ಹೋಯಿತೋ ಇನ್ವರ್ಟರ್‌ಗೆ ಹೋಯಿತೋ ಅದಕ್ಕೆ ಗೊತ್ತಿಲ್ಲ. ಬ್ಯಾಟರಿ ಮೀಟರ್ ಬ್ಯಾಟರಿಯ ಒಳಗೆ ಹೋದದ್ದು, ಹೊರಗೆ ಬಂದದ್ದು ಮಾತ್ರ ಹೇಳುತ್ತದೆ.

ಮೇಲಿನ ಉದಾಹರಣೆಯಲ್ಲಿ ಆ ಹೊತ್ತಿಗೆ ಮನೆಯಲ್ಲಿ ಎರಡು ಫ್ಯಾನ್, ಟಿವಿ, ನಾಲ್ಕು ಎಲ್‌ಇಡಿ ಬಲ್ಬ್ ಓಡುತ್ತಿದ್ದವು. ಇನ್ವರ್ಟರ್ ಬ್ಯಾಟರಿ ಬದಿಯಿಂದ 10.6 ಆಂಪ್ ಎಳೆಯುತ್ತಿತ್ತು. ಕಂಟ್ರೋಲರ್ ಕೊಟ್ಟ 18.2ರಲ್ಲಿ 10.6 ಕಳೆದರೆ ಉಳಿಯುವುದು 7.6. ಬ್ಯಾಟರಿ ಮೀಟರ್ ಹೇಳಿದ್ದೂ ಅದನ್ನೇ. ಈ ಒಂದು ಕಳೆಯುವ ಲೆಕ್ಕದಿಂದಲೇ ಎಷ್ಟೋ ಮನೆಗಳ ಗೊಂದಲ ಮುಗಿಯುತ್ತದೆ.

ಹೆಜ್ಜೆ 2: ಸೊನ್ನೆ ಸೊನ್ನೆಯಾಗಿಯೇ ಇದೆಯೇ

ಸಂಜೆ ಕತ್ತಲಾದ ಮೇಲೆ ಇನ್ವರ್ಟರ್ ಪೂರ್ತಿ ಆಫ್ ಮಾಡಿ. ಎಲ್ಲ ಮೀಟರ್ ಸೊನ್ನೆಯ ಹತ್ತಿರ ಇರಬೇಕು. ಕಂಟ್ರೋಲರ್ ತನ್ನ ಪರದೆಗಾಗಿ ಬಳಸುವ ಅಷ್ಟಿಷ್ಟನ್ನು ಬಿಟ್ಟರೆ ಬ್ಯಾಟರಿಯಿಂದ ಏನೂ ಹೋಗಬಾರದು. ಇಲ್ಲೇ ಅರ್ಧ ಆಂಪ್ ತೋರಿಸುವ ಮೀಟರ್ ಹಗಲೂ ಅಷ್ಟೇ ತಪ್ಪು ಹೇಳುತ್ತದೆ.

ಡಿಸಿ ಟಾಂಗ್ ಟೆಸ್ಟರ್ ಬಳಸುವಾಗ ಪ್ರತಿ ಸಲ ಸೊನ್ನೆ ಗುಂಡಿ ಒತ್ತಿ. ಅದೂ ವೈರಿನ ಪಕ್ಕದಲ್ಲಿ, ಅಳೆಯುವಾಗ ಹಿಡಿಯುವ ದಿಕ್ಕಿನಲ್ಲೇ ಹಿಡಿದು ಒತ್ತಬೇಕು. ಟೆಸ್ಟರ್ ತಿರುಗಿಸಿದರೆ ಭೂಮಿಯ ಕಾಂತಶಕ್ತಿಯಿಂದಲೂ ಸೊನ್ನೆ ಸ್ವಲ್ಪ ಜಾರುತ್ತದೆ. ದವಡೆಯೊಳಗೆ ಒಂದೇ ವೈರ್ ಇರಲಿ. ಪ್ಲಸ್, ಮೈನಸ್ ಎರಡನ್ನೂ ಸೇರಿಸಿ ಹಿಡಿದರೆ ಒಂದನ್ನೊಂದು ಕಳೆದು ಸೊನ್ನೆ ಬರುತ್ತದೆ. 400 ಆಂಪ್‌ವರೆಗೆ ಅಳೆಯುವ ಟೆಸ್ಟರ್‌ನಲ್ಲಿ 1 ಆಂಪಿಗಿಂತ ಕಡಿಮೆಯನ್ನು ನಂಬಬೇಡಿ. ಅಳೆಯಲೇಬೇಕಿದ್ದರೆ ವೈರನ್ನು ದವಡೆಯ ಮೂಲಕ ಐದು ಸುತ್ತು ಹಾಯಿಸಿ, ಬಂದ ಸಂಖ್ಯೆಯನ್ನು 5ರಿಂದ ಭಾಗಿಸಿ.

ಎರಡು ಮೀಟರ್ ನಡುವೆ ಶೇ 5ರ ಒಳಗಿನ ವ್ಯತ್ಯಾಸವಿದ್ದರೆ ಬಿಟ್ಟುಬಿಡಿ. ಮೋಡ ಹಾದುಹೋಗುವಾಗ ಒಂದನ್ನು ನೋಡಿ, ಎರಡು ನಿಮಿಷ ಬಿಟ್ಟು ಇನ್ನೊಂದನ್ನು ನೋಡುವುದೂ ಬೇಡ. ಒಬ್ಬರು ಓದಬೇಕು, ಇನ್ನೊಬ್ಬರು ಅದೇ ಗಳಿಗೆಯಲ್ಲಿ ಬರೆದುಕೊಳ್ಳಬೇಕು.

ಹೆಜ್ಜೆ 3: ಪ್ಯಾನೆಲ್‌ನಿಂದ ಬ್ಯಾಟರಿವರೆಗೆ

ಪ್ಯಾನೆಲ್ ಬದಿ 66 ವೋಲ್ಟ್, 7.9 ಆಂಪ್. ಗುಣಿಸಿದರೆ 521 ವ್ಯಾಟ್. ಬ್ಯಾಟರಿ ಬದಿ 27.4 ವೋಲ್ಟ್, 18.2 ಆಂಪ್, ಅಂದರೆ 499 ವ್ಯಾಟ್. ಆಂಪ್ ಎರಡು ಪಟ್ಟಿಗಿಂತ ಹೆಚ್ಚಾಯಿತು, ವ್ಯಾಟ್ ಶೇ 4ರಷ್ಟು ಇಳಿಯಿತು. ಎಂಪಿಪಿಟಿ ಮಾಡಬೇಕಾದ ಕೆಲಸವೇ ಇದು: ಹೆಚ್ಚು ವೋಲ್ಟ್, ಕಡಿಮೆ ಆಂಪ್ ತೆಗೆದುಕೊಂಡು ಕಡಿಮೆ ವೋಲ್ಟ್, ಹೆಚ್ಚು ಆಂಪ್ ಕೊಡುವುದು. ದಾರಿಯಲ್ಲಿ ಅಷ್ಟಿಷ್ಟು ಶಾಖವಾಗಿ ಹೋಗುತ್ತದೆ. ಶೇ 10ಕ್ಕಿಂತ ಹೆಚ್ಚು ಹೋಗುತ್ತಿದ್ದರೆ ಮಾತ್ರ ಹುಡುಕಿ.

ಈಗ ಬೇರೊಂದು ಚಿತ್ರ. ಎರಡೂ ಬದಿಯಲ್ಲಿ ಆಂಪ್ ಒಂದೇ ಇದೆ, ಪ್ಯಾನೆಲ್ ಬದಿಯ ವೋಲ್ಟೇಜ್ ಬ್ಯಾಟರಿಗಿಂತ ಸ್ವಲ್ಪವೇ ಮೇಲಿದೆ. ಹಾಗಿದ್ದರೆ ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಒಳಗಿರುವುದು ಪಿಡಬ್ಲ್ಯುಎಂ ಕಂಟ್ರೋಲರ್. ಅದು ವೋಲ್ಟೇಜನ್ನು ಬದಲಿಸುವುದಿಲ್ಲ, ಪ್ಯಾನೆಲನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದು ತರುತ್ತದೆ. 12 ವೋಲ್ಟ್ ಬ್ಯಾಟರಿಗೆ 335 ವ್ಯಾಟಿನ 72 ಸೆಲ್ ಪ್ಯಾನೆಲನ್ನು ಇಂಥ ಕಂಟ್ರೋಲರ್ ಮೂಲಕ ಹಾಕಿದರೆ ಸಿಗುವುದು ಹೆಚ್ಚೆಂದರೆ 125 ವ್ಯಾಟ್ ಆಸುಪಾಸು. ಉಳಿದದ್ದಕ್ಕೆ ಕೊಟ್ಟ ದುಡ್ಡು ವ್ಯರ್ಥ. ಅಗ್ಗದ ಕಂಟ್ರೋಲರ್ ತಂದ ದಿನವೇ ಈ ಪರೀಕ್ಷೆ ಮಾಡಿ, ಬೇರೆ ಯಾವ ಪರೀಕ್ಷೆಯೂ ಇಷ್ಟು ಬೇಗ ನಿಜ ಹೇಳದು.

670 ವ್ಯಾಟಿನ ಪ್ಯಾನೆಲ್ 521 ಏಕೆ ಕೊಟ್ಟಿತು ಅನ್ನುವ ಪ್ರಶ್ನೆಯೂ ಬರುತ್ತದೆ. ಲೇಬಲ್‌ನಲ್ಲಿರುವ ವ್ಯಾಟ್ ಸೆಲ್ 25 ಡಿಗ್ರಿ ತಂಪಿದ್ದಾಗಿನದು. ಏಪ್ರಿಲ್ ಬಿಸಿಲಿನಲ್ಲಿ ಸೆಲ್ 60 ಡಿಗ್ರಿ ದಾಟುತ್ತದೆ. ಒಂದೊಂದು ಡಿಗ್ರಿಗೆ ಸುಮಾರು ಶೇ 0.35ರಿಂದ 0.4ರಷ್ಟು ಇಳಿಯುತ್ತಾ ಹೋಗಿ ಶೇ 13ರಷ್ಟು ಅಲ್ಲೇ ಕಳೆಯುತ್ತದೆ. ಮೇಲೆ ದೂಳು. ಚಿಕ್ಕಬಳ್ಳಾಪುರದ ಕ್ರಷರ್‌ಗಳ ಹತ್ತಿರದ ಊರುಗಳಲ್ಲಿ, ಮಳೆ ಕಾಣದ ಪಾವಗಡದ ಬಯಲಿನಲ್ಲಿ ಇದು ಸಣ್ಣ ವಿಷಯವಲ್ಲ. ತೊಳೆಯುವುದು ಬೆಳಿಗ್ಗೆ ಪ್ಯಾನೆಲ್ ತಣ್ಣಗಿದ್ದಾಗ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ.

ತಿಪಟೂರು, ಗುಬ್ಬಿ ಕಡೆಯ ತೆಂಗಿನ ತೋಟದವರು ಇನ್ನೊಂದು ಗಮನಿಸಿ. ಗರಿಯ ನೆರಳು ಒಂದು ಪ್ಯಾನೆಲ್‌ನ ಒಂದು ಪಟ್ಟಿಯ ಮೇಲೆ ಬಿದ್ದರೂ ಒಳಗಿನ ಬೈಪಾಸ್ ಡಯೋಡ್ ಆ ಪಟ್ಟಿಯನ್ನು ಬಿಟ್ಟು ಕರೆಂಟನ್ನು ದಾಟಿಸುತ್ತದೆ. ಸಾಮಾನ್ಯವಾಗಿ ಒಂದು ಪ್ಯಾನೆಲ್‌ಗೆ ಇಂಥ ಪಟ್ಟಿ ಮೂರು. ಆಗ ಆಂಪ್ 7.9 ಇದ್ದಂತೆಯೇ ಇದ್ದು ವೋಲ್ಟೇಜ್ 66ರಿಂದ 55ರ ಹತ್ತಿರಕ್ಕೆ ಇಳಿಯುತ್ತದೆ. 521 ವ್ಯಾಟ್ ಇದ್ದದ್ದು 434. ಆಂಪ್ ಮಾತ್ರ ನೋಡುವವರಿಗೆ ಈ ನಷ್ಟ ಕಾಣುವುದೇ ಇಲ್ಲ.

ಮಟಮಟ ಮಧ್ಯಾಹ್ನ ಕಂಟ್ರೋಲರ್ 40 ವ್ಯಾಟ್ ಮಾತ್ರ ತೋರಿಸುತ್ತಿದ್ದರೆ ಗಾಬರಿಯಾಗುವ ಮೊದಲು ಪ್ಯಾನೆಲ್ ವೋಲ್ಟೇಜ್ ನೋಡಿ. ಅದು ಎಂದಿಗಿಂತ ಮೇಲೇರಿ 80 ದಾಟಿದ್ದು, ಬ್ಯಾಟರಿ 27 ವೋಲ್ಟ್ ಮೇಲಿದ್ದರೆ ಬ್ಯಾಟರಿ ತುಂಬಿದೆ, ಕಂಟ್ರೋಲರ್ ತಾನೇ ತಡೆಹಿಡಿದಿದೆ ಎಂದು ಅರ್ಥ. ಫ್ಯಾನ್, ಟಿವಿ ಹಾಕಿ ನೋಡಿ. ವ್ಯಾಟ್ ತಕ್ಷಣ ಏರಬೇಕು.

ಹೆಜ್ಜೆ 4: ಷಂಟ್ ಸರಿಯಾಗಿ ಕೂತಿದೆಯೇ

ಬ್ಯಾಟರಿ ಮೀಟರ್ ಜೊತೆ ಬರುವ ದಪ್ಪ ಹಿತ್ತಾಳೆ ತುಂಡೇ ಷಂಟ್. ಕರೆಂಟ್ ಅದರ ಮೂಲಕ ಹರಿಯುವಾಗ ಎರಡು ತುದಿಯ ನಡುವೆ ಬರುವ ಮಿಲಿವೋಲ್ಟ್ ನೋಡಿ ಮೀಟರ್ ಆಂಪ್ ಲೆಕ್ಕ ಹಾಕುತ್ತದೆ. ಬ್ಯಾಟರಿಯ ಮೈನಸ್‌ಗೆ ಅದರ ಒಂದು ತುದಿ, ಉಳಿದೆಲ್ಲದರ ಮೈನಸ್ ಇನ್ನೊಂದು ತುದಿಗೆ. ಬ್ಯಾಟರಿಯ ಮೈನಸ್ ಟರ್ಮಿನಲ್ ಮೇಲೆ ಷಂಟ್‌ನ ವೈರ್ ಬಿಟ್ಟು ಬೇರೆ ಯಾವುದೂ ಇರಬಾರದು. ನಮ್ಮ ಕಡೆಯ ಜೋಡಣೆಗಳಲ್ಲಿ ಅತಿ ಹೆಚ್ಚು ಸಿಗುವ ತಪ್ಪು ಇಲ್ಲಿಯೇ ಇದೆ. ಇನ್ವರ್ಟರ್‌ನ ದಪ್ಪ ಕಪ್ಪು ವೈರ್ ನೇರವಾಗಿ ಬ್ಯಾಟರಿಗೆ ಬೋಲ್ಟ್ ಆಗಿರುತ್ತದೆ. ಆಗ ಮೀಟರ್‌ಗೆ ಒಳಬರುವುದು ಕಾಣುತ್ತದೆ, ಹೊರಹೋಗುವುದು ಕಾಣುವುದಿಲ್ಲ. ಪರದೆಯ ಮೇಲೆ ನೂರಕ್ಕೆ ನೂರು, ರಾತ್ರಿ ಹತ್ತಕ್ಕೆ ಮನೆ ಕತ್ತಲು.

ಷಂಟ್ ಮೇಲೆ ಎರಡು ಸಂಖ್ಯೆ ಕೊರೆದಿರುತ್ತದೆ: 100 ಆಂಪ್, 75 ಮಿಲಿವೋಲ್ಟ್ ಎಂದೋ, 100 ಆಂಪ್, 50 ಮಿಲಿವೋಲ್ಟ್ ಎಂದೋ. ಮೀಟರ್ 75ಕ್ಕೆ ಹೊಂದಿಸಿದ್ದು ಷಂಟ್ 50ರದ್ದಾದರೆ 60 ಆಂಪ್ ಹರಿಯುವಾಗ 40 ಎಂದು ಓದುತ್ತದೆ. ಎಲ್ಲ ಓದುಗಳೂ ಒಂದೇ ಅನುಪಾತದಲ್ಲಿ ತಪ್ಪಿದ್ದರೆ, ಅಂದರೆ 60ಕ್ಕೆ 40, 30ಕ್ಕೆ 20, 15ಕ್ಕೆ 10 ಎಂದಿದ್ದರೆ, ಕಾರಣ ಇದೇ. ಎಲ್ಲದರಲ್ಲೂ ಒಂದೇ ಅರ್ಧ ಆಂಪ್ ಹೆಚ್ಚು ಕಡಿಮೆ ಇದ್ದರೆ ಅದು ಸೊನ್ನೆಯ ತಪ್ಪು, ಎರಡನೇ ಹೆಜ್ಜೆಗೆ ಹಿಂತಿರುಗಿ.

ಹೆಜ್ಜೆ 5: ಇನ್ವರ್ಟರ್‌ನ ಎರಡು ಬದಿ

ಮನೆ ಬದಿ 230 ವೋಲ್ಟ್, 1.2 ಆಂಪ್. ಗುಣಿಸಿದರೆ 276. ಪ್ಲಗ್‌ಗೆ ಹಾಕುವ ವ್ಯಾಟ್ ಮೀಟರ್ ಮಾತ್ರ 246 ವ್ಯಾಟ್ ಅನ್ನುತ್ತದೆ. ಎಸಿಯಲ್ಲಿ ವೋಲ್ಟ್ ಮತ್ತು ಆಂಪನ್ನು ಗುಣಿಸಿದರೆ ಬರುವುದು ವಿಎ, ಅಂದರೆ ವೋಲ್ಟ್-ಆಂಪಿಯರ್. ಫ್ಯಾನ್, ಫ್ರಿಜ್, ಮೋಟಾರ್‌ಗಳಲ್ಲಿ ಕರೆಂಟ್ ವೋಲ್ಟೇಜ್‌ಗಿಂತ ಸ್ವಲ್ಪ ಹಿಂದೆ ನಡೆಯುವುದರಿಂದ ಕೆಲಸಕ್ಕೆ ಬರುವ ವ್ಯಾಟ್ ಅದಕ್ಕಿಂತ ಕಡಿಮೆ. 246ನ್ನು 276ರಿಂದ ಭಾಗಿಸಿದರೆ 0.89, ಇದೇ ಪವರ್ ಫ್ಯಾಕ್ಟರ್. ಇನ್ವರ್ಟರ್ ಕೊಳ್ಳುವಾಗ 1000 ವಿಎ ಎಂದಿರುವುದನ್ನು 1000 ವ್ಯಾಟ್ ಎಂದು ಓದಿಕೊಳ್ಳಬಾರದು.

ಬ್ಯಾಟರಿ ಬದಿ ಅದೇ ಹೊತ್ತಿಗೆ 27.4 ವೋಲ್ಟ್, 10.6 ಆಂಪ್, 290 ವ್ಯಾಟ್. 246 ಕೊಡಲು 290 ತೆಗೆದುಕೊಂಡಿತು, ಶೇ 85. ಒಳ್ಳೆಯ ಇನ್ವರ್ಟರ್‌ಗೂ ಇಷ್ಟು ಸಹಜ. ರಾತ್ರಿ ಅದೇ ಫ್ಯಾನು, ಅದೇ ಬಲ್ಬು, ಆದರೆ ಬ್ಯಾಟರಿ 24.6ಕ್ಕೆ ಇಳಿದಿರುತ್ತದೆ, ಆಂಪ್ 11.8ಕ್ಕೆ ಏರಿರುತ್ತದೆ. ಲೋಡ್ ಹೆಚ್ಚಾಗಿಲ್ಲ. ಇನ್ವರ್ಟರ್‌ಗೆ ಬೇಕಾದದ್ದು ವ್ಯಾಟ್, ವೋಲ್ಟ್ ಕಡಿಮೆ ಸಿಕ್ಕರೆ ಆಂಪ್ ಹೆಚ್ಚು ಎಳೆದು ಸರಿದೂಗಿಸಿಕೊಳ್ಳುತ್ತದೆ.

ಎಲ್ಲ ಸ್ವಿಚ್ ಆರಿಸಿ ಇನ್ವರ್ಟರ್ ಮಾತ್ರ ಆನ್ ಇಟ್ಟು ಒಮ್ಮೆ ಅಳೆಯಿರಿ. 24 ವೋಲ್ಟ್‌ನಲ್ಲಿ 0.7 ಆಂಪ್ ಬಂದರೆ ಸುಮ್ಮನೆ 17 ವ್ಯಾಟ್ ಖರ್ಚು. ದಿನವಿಡೀ ಹೀಗೇ ಇದ್ದರೆ ಸುಮಾರು 0.4 ಯೂನಿಟ್. ಸಣ್ಣ ವ್ಯವಸ್ಥೆಯಲ್ಲಿ ಇದು ಹತ್ತಿರ ಹತ್ತಿರ ಒಂದು ಫ್ಯಾನ್‌ನ ರಾತ್ರಿ.

ಸ್ಕ್ವೇರ್ ವೇವ್ ಇನ್ವರ್ಟರ್ (ಸೈನ್ ವೇವ್‌ನ ನಯವಾದ ಅಲೆಯ ಬದಲು ಚೌಕ ಅಲೆ ಕೊಡುವಂಥದ್ದು) ಇದ್ದವರು ಸಾಧಾರಣ ಟೆಸ್ಟರ್ ನಂಬಬೇಡಿ. ಅವು ಸೈನ್ ವೇವ್ ಎಂದೇ ಭಾವಿಸಿ ಲೆಕ್ಕ ಹಾಕುತ್ತವೆ, ಪೂರ್ಣ ಚೌಕ ಅಲೆಗೆ ಶೇ 11ರಷ್ಟು ಹೆಚ್ಚು ತೋರಿಸುತ್ತವೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್‌ಗಳ ಚೂಪು ಕರೆಂಟನ್ನು ಕಡಿಮೆ ತೋರಿಸುತ್ತವೆ. ಟ್ರೂ ಆರ್‌ಎಂಎಸ್ ಬೇಕಾಗುವುದು ಇಲ್ಲಿ.

ಹೆಜ್ಜೆ 6: ಆಂಪ್ ಒಂದೇ, ವ್ಯಾಟ್ ಬೇರೆ

ಇದುವರೆಗೆ ಕಂಡ ವ್ಯತ್ಯಾಸಗಳಲ್ಲಿ ಬಹುಪಾಲು ಹೆದರಬೇಕಾದವಲ್ಲ. ಇದು ಹೆದರಬೇಕಾದದ್ದು. ಒಂದೇ ವೈರಿನ ಎರಡು ತುದಿಯಲ್ಲಿ ಆಂಪ್ ಸಮ ಇದ್ದು ವ್ಯಾಟ್ ಕಡಿಮೆಯಾಗಿದ್ದರೆ, ಕಳೆದುಹೋದ ವ್ಯಾಟ್ ನಡುವೆ ಎಲ್ಲೋ ಶಾಖವಾಗುತ್ತಿದೆ.

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಮನೆಗೆ ಬ್ಯಾಟರಿಯಿಂದಲೇ 12 ವೋಲ್ಟ್ ಬಲ್ಬಿನ ಲೈನ್ ಎಳೆದಿದ್ದಾರೆ ಅನ್ನಿ. ದೂರ 30 ಮೀಟರ್, 1.5 ಚದರ ಮಿ.ಮೀ. ತಾಮ್ರದ ವೈರ್, ಕರೆಂಟ್ 3 ಆಂಪ್. ಹೋಗಿ ಬರುವುದು ಸೇರಿ 60 ಮೀಟರ್, ಮೀಟರಿಗೆ ಸುಮಾರು 12 ಮಿಲಿಓಮ್, ಒಟ್ಟು 0.73 ಓಮ್. 3ರಿಂದ ಗುಣಿಸಿದರೆ 2.2 ವೋಲ್ಟ್ ನಷ್ಟ. ಬ್ಯಾಟರಿ ಹತ್ತಿರ 12.4 ವೋಲ್ಟ್, 37 ವ್ಯಾಟ್. ಹುಳು ಮನೆಯಲ್ಲಿ 10.2 ವೋಲ್ಟ್, 30.6 ವ್ಯಾಟ್. ಬಲ್ಬ್ ಮಂಕಾದದ್ದಕ್ಕೆ ಬ್ಯಾಟರಿ ಬದಲಿಸಿದರೆ ಏನೂ ಆಗದು. ಅದೇ ಲೈನನ್ನು 24 ವೋಲ್ಟ್‌ಗೆ ಮಾಡಿದರೆ ಆಂಪ್ ಅರ್ಧ, ವೈರಿನಲ್ಲಿ ಹೋಗುವ ವ್ಯಾಟ್ ಕಾಲು ಭಾಗ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 90 ಮೈಲಿ ವಿದ್ಯುತ್ ತಂದಾಗ ವೋಲ್ಟೇಜನ್ನು ಸಾವಿರಗಟ್ಟಲೆ ಏರಿಸಿದ್ದೂ ಇದೇ ಲೆಕ್ಕದಿಂದ.

ಜಾಯಿಂಟ್ ಪರೀಕ್ಷೆ ಹೀಗೆ. ಮಿಕ್ಸಿಯೋ ಇನ್ನಾವುದೋ ದೊಡ್ಡ ಲೋಡ್ ಹಾಕಿ ಬ್ಯಾಟರಿಯಿಂದ 20–30 ಆಂಪ್ ಹರಿಯುವಂತೆ ಮಾಡಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಒಂದು ಮುಳ್ಳನ್ನು ಬ್ಯಾಟರಿಯ ಟರ್ಮಿನಲ್ ಗೂಟದ ಮೇಲೆ, ಇನ್ನೊಂದನ್ನು ಲಗ್ (ವೈರಿನ ತುದಿಗೆ ಕೂರಿಸಿದ ಲೋಹದ ಬಳೆ) ಮೇಲೆ ಇಡಿ. ಕೆಲವೇ ಮಿಲಿವೋಲ್ಟ್ ಇರಬೇಕು. ಹಾಗೆಯೇ ಫ್ಯೂಸ್‌ನ ಎರಡು ತುದಿ, ಎಂಸಿಬಿಯ ಎರಡು ತುದಿ, ಬ್ಯಾಟರಿಗಳ ನಡುವಿನ ವೈರ್. ಎಲ್ಲಾದರೂ 0.4 ವೋಲ್ಟ್ ಬಂದರೆ 30 ಆಂಪ್‌ಗೆ ಆ ಒಂದು ಬೋಲ್ಟಿನಲ್ಲಿ 12 ವ್ಯಾಟ್ ಶಾಖ. ಪ್ಲಾಸ್ಟಿಕ್ ಕರಗಲು ಅಷ್ಟು ಸಾಕು. ಸೊನ್ನೆ ಲೋಡ್‌ನಲ್ಲಿ ಈ ಪರೀಕ್ಷೆ ಮಾಡಿದರೆ ಕೊಳೆತ ಜಾಯಿಂಟೂ ಚೆನ್ನಾಗಿಯೇ ಕಾಣುತ್ತದೆ.

ಸಿಕ್ಕ ಜಾಯಿಂಟನ್ನು ಎಲ್ಲ ಆಫ್ ಮಾಡಿ ಬಿಚ್ಚಿ. ಮೊದಲು ಮೈನಸ್ ಬಿಚ್ಚಬೇಕು, ಕೂರಿಸುವಾಗ ಮೈನಸ್ ಕೊನೆಗೆ. ಬಿಳಿ, ಹಸಿರು ಹಿಟ್ಟಿನಂಥದ್ದನ್ನು ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಒರೆಸಿ. ಆ ನೀರು ಸೆಲ್ ಒಳಗೆ ಹೋಗದಂತೆ ಮುಚ್ಚಳ ಬಿಗಿಯಾಗಿರಲಿ. ಉಜ್ಜಿ ಹೊಳೆಯುವಂತೆ ಮಾಡಿ, ಬಿಗಿ ಮಾಡಿ, ಆಮೇಲೆ ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಸುತ್ತಿಗೆಯಲ್ಲಿ ಜಜ್ಜಿದ ಲಗ್ ಇದ್ದರೆ ಕತ್ತರಿಸಿ ಎಸೆಯಿರಿ, ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಿದ ತಾಮ್ರದ ಲಗ್ ಹಾಕಿಸಿ.

ಬ್ಯಾಟರಿಯ ಆಂಪಿಯರ್-ಅವರ್

150 ಆಂಪಿಯರ್-ಅವರ್‌ನ ಎರಡು ಬ್ಯಾಟರಿ ಸೀರೀಸ್‌ನಲ್ಲಿ ಸೇರಿದರೆ ಅದು 300 ಅಲ್ಲ, 24 ವೋಲ್ಟ್‌ನ 150. ವ್ಯಾಟ್-ಅವರ್ ಲೆಕ್ಕದಲ್ಲಿ 3600. ಅದರಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಬಾಳಿಕೆ ಬರುತ್ತದೆ. ಆ 1800ನ್ನು ನಮ್ಮ 290 ವ್ಯಾಟಿಗೆ ಭಾಗಿಸಿದರೆ ಆರು ಗಂಟೆ ಚಿಲ್ಲರೆ. ತೆಗೆದ 60 ಆಂಪಿಯರ್-ಅವರ್ ತುಂಬಲು 70ರಷ್ಟು ಹಾಕಬೇಕಾಗುತ್ತದೆ, ಸೀಸದ ಬ್ಯಾಟರಿಯ ಗುಣವೇ ಅದು. ಹಾಕಿದ್ದಕ್ಕೂ ತೆಗೆದದ್ದಕ್ಕೂ ತಾಳೆಯಾಗುತ್ತಿಲ್ಲವೆಂದು ಮೀಟರ್ ದೂರಬೇಡಿ. ನೀರು ಹಾಕುವಾಗ ಡಿಸ್ಟಿಲ್ಡ್ ವಾಟರ್ ಮಾತ್ರ. ಫ್ಲೋರೈಡ್ ಮತ್ತು ಲವಣ ತುಂಬಿದ ನಮ್ಮ ಬೋರ್‌ವೆಲ್ ನೀರು ಪ್ಲೇಟುಗಳನ್ನು ತಿಂದುಹಾಕುತ್ತದೆ.

ಬೋರ್‌ವೆಲ್ ಸ್ಟಾರ್ಟರ್ ಬೋರ್ಡಿನ ಲೆಕ್ಕ

5 ಎಚ್‌ಪಿ ಮೋಟಾರ್, ಬೋರ್ಡಿನಲ್ಲಿ 415 ವೋಲ್ಟ್, 9 ಆಂಪ್. ಗುಣಿಸಿದರೆ 3735, 5 ಎಚ್‌ಪಿ ಅಂದರೆ 3730 ವ್ಯಾಟ್. ಸರಿಹೋಯಿತು ಅನ್ನಿಸುತ್ತದೆ. ಅದು ಕಾಕತಾಳೀಯ. ಮೂರು ಫೇಸ್ ಇರುವುದರಿಂದ 1.732ರಿಂದಲೂ, ಪವರ್ ಫ್ಯಾಕ್ಟರ್ 0.8ರಿಂದಲೂ ಗುಣಿಸಬೇಕು. ಆಗ ಸುಮಾರು 5175 ವ್ಯಾಟ್. 3730 ಮೋಟಾರ್ ತನ್ನ ಶಾಫ್ಟ್‌ನಲ್ಲಿ ಕೊಡುವುದು, 5175 ಅದು ಲೈನಿನಿಂದ ತೆಗೆದುಕೊಳ್ಳುವುದು. ವೋಲ್ಟೇಜ್ 340ಕ್ಕೆ ಬಿದ್ದಾಗ ಆಂಪ್ ಏರುವುದೂ ಇನ್ವರ್ಟರ್‌ನಲ್ಲಿ ಕಂಡ ಕಾರಣಕ್ಕೇ. ಓವರ್‌ಲೋಡ್ ರಿಲೇ ಟ್ರಿಪ್ ಆದರೆ ಅದರ ಸೆಟ್ಟಿಂಗ್ ಏರಿಸಬೇಡಿ, ಮೋಟಾರ್ ವೈಂಡಿಂಗ್ ಸುಟ್ಟರೆ ಸಾವಿರ ಅಡಿಯಿಂದ ಮೇಲೆತ್ತಬೇಕಾಗುತ್ತದೆ. ಬೋರ್ಡಿನ ಆಂಪ್ ಮೀಟರ್ ಒಂದೇ ಫೇಸ್‌ಗೆ ಇದ್ದರೆ ಉಳಿದ ಎರಡನ್ನೂ ಟಾಂಗ್ ಟೆಸ್ಟರ್‌ನಲ್ಲಿ ನೋಡಿ.

ಹೆಜ್ಜೆ 7: ಗೋಡೆಗೆ ಒಂದು ಹಾಳೆ

ಎಲ್ಲ ಸರಿಯಿರುವ ಒಂದು ದಿನ, ಮೋಡವಿಲ್ಲದ ಮಧ್ಯಾಹ್ನ, ಇಂತಿಷ್ಟು ಫ್ಯಾನು ಬಲ್ಬು ಎಂದು ನಿಗದಿ ಮಾಡಿಕೊಂಡು ಎಲ್ಲ ಜಾಗದ ವೋಲ್ಟ್, ಆಂಪ್, ವ್ಯಾಟ್ ಬರೆಯಿರಿ. ಜೊತೆಗೆ ಪ್ರತಿ ಜಾಯಿಂಟಿನ ಮಿಲಿವೋಲ್ಟ್, ಇನ್ವರ್ಟರ್‌ನ ಖಾಲಿ ಖರ್ಚು, ತಾರೀಖು. ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬ್ಯಾಟರಿ ಸ್ಟ್ಯಾಂಡಿನ ಮೇಲಿನ ಗೋಡೆಗೆ ಅಂಟಿಸಿ. ಆರು ತಿಂಗಳಿಗೊಮ್ಮೆ, ಬೇಸಿಗೆಗೆ ಮುಂಚೆ ಮತ್ತು ಮಳೆಗಾಲ ಮುಗಿದ ಮೇಲೆ, ಅದೇ ಲೋಡ್ ಹಾಕಿ ಪಕ್ಕದಲ್ಲೇ ಹೊಸ ಸಾಲು ಬರೆಯಿರಿ. ರಿಪೇರಿಗೆ ಯಾರೇ ಬಂದರೂ ಮೊದಲು ಆ ಹಾಳೆ ತೋರಿಸಿ.